ಕಾಲಿನ ರಕ್ತನಾಳಕ್ಕೆ ಎಂಆರ್ ಆಂಜಿಯೋಗ್ರಾಮ್: ಚೀಟಿ ಕೈಗೆ ಬಂದಲ್ಲಿಂದ ರಿಪೋರ್ಟ್ ಓದುವವರೆಗೆ

ವೈದ್ಯರು "ಕಾಲಿಗೆ ಎಂಆರ್ ಆಂಜಿಯೋ ಮಾಡಿಸಿ" ಎಂದು ಚೀಟಿ ಬರೆದುಕೊಟ್ಟ ಮೇಲೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ತೊಡೆಸಂದಿಯಲ್ಲಿ ಚುಚ್ಚುತ್ತಾರಾ? ಇಂಜೆಕ್ಷನ್ನಿಂದ ಕಿಡ್ನಿ ಹಾಳಾಗುತ್ತದಾ? ಹೃದಯಕ್ಕೆ ಸ್ಟೆಂಟ್ ಹಾಕಿದೆ, ಒಳಗೆ ಬಿಡುತ್ತಾರಾ? ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಆಗಿದೆಯಲ್ಲ, ಮತ್ತೆ ಇದೇಕೆ?

ಮೊದಲು ಚುಟುಕಾಗಿ ಉತ್ತರ. ಇದರಲ್ಲಿ ತೊಡೆಸಂದಿಯಲ್ಲಿ ಚುಚ್ಚುವುದಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ಸಹಾಯದಿಂದ, ಹೊಕ್ಕುಳ ಮಟ್ಟದ ಮಹಾಪಧಮನಿಯಿಂದ ಪಾದದವರೆಗೆ ರಕ್ತ ಹರಿಯುವ ದಾರಿಯ ಚಿತ್ರ ತೆಗೆಯುತ್ತಾರೆ. ಬ್ಲಾಕ್ ಎಲ್ಲಿದೆ, ಎಷ್ಟು ಉದ್ದವಿದೆ, ಅದರಾಚೆಗೆ ನಾಳ ಮತ್ತೆ ತೆರೆದುಕೊಂಡಿದೆಯೇ ಎಂಬ ಮೂರು ವಿಷಯ ಗೊತ್ತಾಗುತ್ತದೆ. ಇದು ಚಿಕಿತ್ಸೆಗೆ ಬೇಕಾದ ನಕ್ಷೆ. ಕಾಯಿಲೆ ಇದೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಅದಕ್ಕೂ ಮೊದಲೇ, ಕಾಲಿನ ನಾಡಿ ಮುಟ್ಟಿ, ಬಿಪಿ ಪಟ್ಟಿ ಕಟ್ಟಿ ನೋಡಿದಾಗಲೇ ತಿಳಿದಿರುತ್ತದೆ.

ಮುಂದೆ ಓದುವ ಮುನ್ನ ಒಂದು ಎಚ್ಚರಿಕೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತಡೆಯಲಾಗದಷ್ಟು ನೋಯುತ್ತಿದ್ದರೆ, ಅಥವಾ ಜೋಮು ಹಿಡಿದು ಬೆರಳು ಆಡಿಸಲು ಆಗದಿದ್ದರೆ ಸ್ಕ್ಯಾನಿಂಗ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಇದು ರಕ್ತ ಪೂರ್ತಿ ನಿಂತಿರುವ ಲಕ್ಷಣ. ರಕ್ತನಾಳದ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ತಕ್ಷಣ ಹೋಗಿ. ಕಾಲು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆ.

1. ನಿಮಗೆ ಬೇಕಿರುವುದು ಇದೇ ಪರೀಕ್ಷೆಯೇ ಎಂದು ಖಾತ್ರಿ ಮಾಡಿಕೊಳ್ಳಿ

ಅಪಧಮನಿ ಎಂದರೆ ಹೃದಯದಿಂದ ಕಾಲಿಗೆ ರಕ್ತ ತರುವ ನಾಳ. ಅಭಿಧಮನಿ ಎಂದರೆ ವಾಪಸ್ ಒಯ್ಯುವ ನಾಳ. ಅಪಧಮನಿ ಕಿರಿದಾದಾಗ ಬರುವ ನೋವಿಗೆ ಒಂದು ಗುರುತಿದೆ: ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ಮೂರು ನಿಮಿಷ ಸುಮ್ಮನೆ ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರಕ್ಕೆ ಹಿಡಿಯುತ್ತದೆ. ನಿಂತರೆ ಹೋಗದೆ, ಕೂತು ಮುಂದಕ್ಕೆ ಬಾಗಿದಾಗಲೇ ಹೋಗುವ ನೋವಾದರೆ ಬೆನ್ನುಮೂಳೆಯ ಕಡೆ ಅನುಮಾನ ಪಡಬೇಕು. ಅದಕ್ಕೆ ಬೇಕಾಗುವುದು ಸೊಂಟದ ಎಂಆರ್‌ಐ. ಕಾಲಿನಲ್ಲಿ ನೀಲಿ ನರ ಉಬ್ಬಿರುವ ವೆರಿಕೋಸ್ ತೊಂದರೆಗೂ, ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ಅನುಮಾನಕ್ಕೂ ಬಹುತೇಕ ಡಾಪ್ಲರ್ ಸಾಕು.

ಎಂಆರ್ ಆಂಜಿಯೋಗೆ ಮೊದಲು ಆಗಿರಬೇಕಾದ ಪರೀಕ್ಷೆಯ ಹೆಸರು ಎಬಿಐ. ಕಾಲಿನ ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವುದು, ಅಷ್ಟೇ. ತೋಳಿನಲ್ಲಿ 150, ಹರಡಿನಲ್ಲಿ 90 ಇದ್ದರೆ 0.6. ಈ ಸಂಖ್ಯೆ 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಡಚಣೆ ಇದೆ ಎಂದರ್ಥ. 1.4 ದಾಟಿದ್ದರೆ "ಚೆನ್ನಾಗಿದೆ" ಎಂದುಕೊಳ್ಳಬೇಡಿ. ಬಹುಕಾಲದ ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ಕಾಯಿಲೆಯಿಂದ ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿದಾಗ ಬಿಪಿ ಪಟ್ಟಿಗೆ ಅದನ್ನು ಅದುಮಲು ಆಗುವುದಿಲ್ಲ, ಹಾಗಾಗಿ ಸಂಖ್ಯೆ ಸುಳ್ಳೇ ಏರುತ್ತದೆ. ಅಂಥವರಲ್ಲಿ ಕಾಲ್ಬೆರಳಿನ ಬಿಪಿ ಅಳೆಯುತ್ತಾರೆ.

ಸಿ.ಟಿ. ಆಂಜಿಯೋ ಬೇಗ ಮುಗಿಯುತ್ತದೆ, ಹೆಚ್ಚು ಕಡೆ ಸಿಗುತ್ತದೆ. ಆದರೆ ಅದಕ್ಕೆ ಎಕ್ಸ್‌ರೇ ಕಿರಣವೂ ಅಯೋಡಿನ್ ಇರುವ ಡೈ (ನಾಳ ಎದ್ದು ಕಾಣಲು ಚುಚ್ಚುವ ಔಷಧ) ಕೂಡ ಬೇಕು. ಜೊತೆಗೆ ಮಂಡಿಯ ಕೆಳಗಿನ ಸಣ್ಣ ನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ, ಆ ಬಿಳಿ ಹೊಳಪಿನಲ್ಲಿ ಒಳಗಿನ ದಾರಿ ತೆರೆದಿದೆಯೋ ಮುಚ್ಚಿದೆಯೋ ಹೇಳುವುದು ಕಷ್ಟ. ಎಂಆರ್‌ನಲ್ಲಿ ಕ್ಯಾಲ್ಸಿಯಂ ಕಾಣುವುದೇ ಇಲ್ಲ, ಹಾಗಾಗಿ ಅಡ್ಡ ಬರುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಎಂಆರ್ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ. ಆಂಜಿಯೋಪ್ಲಾಸ್ಟಿ (ಬಲೂನ್ ಹಾಕಿ ನಾಳ ಹಿಗ್ಗಿಸುವುದು) ಅಥವಾ ಬೈಪಾಸ್ (ಬ್ಲಾಕ್ ಬಳಸಿ ಹೋಗುವಂತೆ ರಕ್ತಕ್ಕೆ ಹೊಸ ದಾರಿ ಹೊಲಿಯುವುದು) ಬಗ್ಗೆ ಮಾತು ಶುರುವಾಗಿದ್ದರೆ ಈ ನಕ್ಷೆ ಬೇಕೇ ಬೇಕು. ಆ ಮಾತೇ ಇಲ್ಲದೆ, ನಡಿಗೆ ಮತ್ತು ಮಾತ್ರೆಯಲ್ಲೇ ಮುಂದುವರಿಯುವ ತೀರ್ಮಾನವಾಗಿದ್ದರೆ "ಈ ಚಿತ್ರ ಬಂದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಡಾಕ್ಟ್ರೇ?" ಎಂದು ಸಂಕೋಚವಿಲ್ಲದೆ ಕೇಳಿ. ಕೇಳಬೇಕಾದ ಪ್ರಶ್ನೆಯೇ ಅದು.

ಬಿಪಿಎಲ್ ಕಾರ್ಡ್ ಇರುವವರು ಹಣ ಕಟ್ಟುವ ಮೊದಲೇ ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರದ ಆರೋಗ್ಯ ಯೋಜನೆಯ ಸಹಾಯಕರು) ಭೇಟಿಯಾಗಿ, ನಿಮ್ಮ ಚಿಕಿತ್ಸೆಗೆ ಯೋಜನೆಯ ನೆರವು ಸಿಗುತ್ತದೆಯೇ, ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿ.

2. ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ

ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ತೋಳಿನ ನರಕ್ಕೆ ಗ್ಯಾಡೋಲಿನಿಯಂ ಎಂಬ ಲೋಹದ ಔಷಧ ಕೊಡುತ್ತಾರೆ. ರಕ್ತದಲ್ಲಿ ಅದು ಬೆರೆತಾಗ ನಾಳಗಳು ಚಿತ್ರದಲ್ಲಿ ಬೆಳ್ಳಗೆ ಬೆಳಗುತ್ತವೆ. ಬರಿಯ ಗ್ಯಾಡೋಲಿನಿಯಂ ವಿಷ. ಅದಕ್ಕೇ ಅದನ್ನು ಇನ್ನೊಂದು ಅಣುವಿನೊಳಗೆ ಬಂಧಿಸಿ ಕೊಡುತ್ತಾರೆ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ಔಷಧ ಒಳಗೇ ಉಳಿದು ಬಂಧ ಸಡಿಲವಾಗಬಹುದು. ಹಾಗಾದಾಗ ಚರ್ಮ ಮತ್ತು ಕೀಲು ಮರದಂತೆ ಗಟ್ಟಿಯಾಗುವ ಎನ್‌ಎಸ್‌ಎಫ್ ಎಂಬ ಅಪರೂಪದ, ಆದರೆ ಭೀಕರವಾದ ಕಾಯಿಲೆ ಬರುತ್ತದೆ. ಗ್ಯಾಡೋಲಿನಿಯಂ ಜೊತೆ ಇದರ ನಂಟು ಬಯಲಾಗಿದ್ದು 2006ರಲ್ಲಿ.

ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಸಂಖ್ಯೆಯೂ ಇರಲಿ ಎಂದು ಕೇಳಿ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು ಅದು. 30ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 30ಕ್ಕಿಂತ ಕೆಳಗಿದ್ದರೆ, ಡಯಾಲಿಸಿಸ್ ನಡೆಯುತ್ತಿದ್ದರೆ, ಅಥವಾ ಈಚೆಗೆ ಕಿಡ್ನಿ ಹಠಾತ್ತನೆ ಕೈಕೊಟ್ಟಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ. ಆಗ ಎರಡು ದಾರಿಗಳಿವೆ. ಒಂದು, ಬಂಧ ಗಟ್ಟಿಯಾಗಿರುವ ಔಷಧ: ಗ್ಯಾಡೊಟೆರೇಟ್, ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರಿಡಾಲ್. ಇವುಗಳಿಂದ ಎನ್‌ಎಸ್‌ಎಫ್ ಬರುವ ಸಾಧ್ಯತೆ ತೀರಾ ಕಡಿಮೆ. ಗ್ಯಾಡೊಡಯಮೈಡ್ ಮತ್ತು ಗ್ಯಾಡೊಪೆಂಟೆಟೇಟ್ ಹಳೆಯ ಗುಂಪಿನವು, ದುರ್ಬಲ ಕಿಡ್ನಿಗೆ ಬೇಡ. "ಯಾವ ಔಷಧ ಕೊಡ್ತೀರಿ?" ಎಂದು ಹೆಸರು ಕೇಳಿ ಬರೆದುಕೊಳ್ಳಿ. ಡಯಾಲಿಸಿಸ್‌ನವರು ಮುಂದಿನ ಡಯಾಲಿಸಿಸ್‌ಗೆ ಸ್ವಲ್ಪ ಮೊದಲು ಸ್ಕ್ಯಾನಿಂಗ್ ಬೀಳುವಂತೆ ದಿನ ಹೊಂದಿಸಿಕೊಳ್ಳಬೇಕು.

ಎರಡನೆಯ ದಾರಿ ಇಂಜೆಕ್ಷನ್ನೇ ಇಲ್ಲದ ವಿಧಾನ. ಇದರಲ್ಲಿ ಟೈಮ್ ಆಫ್ ಫ್ಲೈಟ್ ಎಂಬುದು ಹಳೆಯದು. ರಕ್ತ ನಿಧಾನವಾಗಿ ಹರಿಯುವಲ್ಲಿ, ಪಕ್ಕದ ನಾಳಗಳಿಂದ ಸುತ್ತಿ ಬಂದು ಮೇಲ್ಮುಖವಾಗಿ ಹರಿಯುವಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ, ಹಾಗಾಗಿ ಸಣ್ಣ ಅಡಚಣೆಯನ್ನೂ ದೊಡ್ಡದಾಗಿ ತೋರಿಸುತ್ತದೆ. ಕ್ವಿಸ್ ಎಂಬ ಹೊಸ ವಿಧಾನ ಬಹಳ ವಾಸಿ. ಇಸಿಜಿ ತಂತಿ ಹಚ್ಚಿ ಹೃದಯದ ಬಡಿತಕ್ಕೆ ಸರಿಯಾಗಿ ಚಿತ್ರ ತೆಗೆಯುತ್ತಾರೆ. ಬಡಿತ ತಾಳ ತಪ್ಪುತ್ತಿದ್ದರೆ ಚಿತ್ರವೂ ಕೆಡುತ್ತದೆ, ಆ ತೊಂದರೆ ಇರುವವರು ಮೊದಲೇ ತಿಳಿಸಬೇಕು. ಎಲ್ಲ ಯಂತ್ರಗಳಲ್ಲೂ ಇದು ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ಆ ನಿಯಮ ಸಿ.ಟಿ.ಯ ಅಯೋಡಿನ್ ಡೈಗೆ ಸಂಬಂಧಿಸಿದ್ದು. ಗ್ಯಾಡೋಲಿನಿಯಂಗಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ. ಗರ್ಭಿಣಿಯರಿಗೆ ಈ ಇಂಜೆಕ್ಷನ್ ಕೊಡುವುದಿಲ್ಲ, ಅನುಮಾನವಿದ್ದರೂ ಹೇಳಿಬಿಡಿ. ಹಾಲೂಡಿಸುವ ತಾಯಂದಿರು ಹಾಲು ನಿಲ್ಲಿಸುವ ಅಗತ್ಯವಿಲ್ಲ.

3. ಮೈಯೊಳಗೆ ಇರುವ ಲೋಹದ ಪಟ್ಟಿ ಬರೆಯಿರಿ

ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದು ಫಾರಂ ಕೊಡುತ್ತಾರೆ. ಅಲ್ಲಿ ಗಡಿಬಿಡಿಯಲ್ಲಿ "ಇಲ್ಲ, ಇಲ್ಲ" ಎಂದು ಗೀಚುವ ಬದಲು ಮನೆಯಲ್ಲೇ ಕೂತು, ಹಳೆಯ ಡಿಸ್ಚಾರ್ಜ್ ಚೀಟಿಗಳನ್ನು ತೆಗೆದು ಪಟ್ಟಿ ಮಾಡಿ.

ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ಬೇಕು. ಹೊಸವು ಬಹಳಷ್ಟು ಎಂಆರ್‌ಗೆ ಒಗ್ಗುತ್ತವೆ. ಆದರೆ ಪೆಟ್ಟಿಗೆ ಮಾತ್ರವಲ್ಲ, ಅದರಿಂದ ಹೃದಯಕ್ಕೆ ಹೋಗುವ ತಂತಿಯೂ ಒಗ್ಗುವಂಥದ್ದಾಗಿರಬೇಕು, ಸ್ಕ್ಯಾನಿಂಗ್‌ಗೆ ಮೊದಲು ಮತ್ತು ನಂತರ ಅದರ ಸೆಟ್ಟಿಂಗ್ ಬದಲಿಸುವವರು ಸ್ಥಳದಲ್ಲಿರಬೇಕು. ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ನಾಳಕ್ಕೆ ಹಾಕಿದ ಕ್ಲಿಪ್, ಮೈಯಲ್ಲಿ ಉಳಿದ ಗುಂಡಿನ ಚೂರು, ಇವುಗಳಲ್ಲಿ ಒಂದಿದ್ದರೂ ರೇಡಿಯಾಲಜಿಸ್ಟ್ ಒಪ್ಪದೆ ಒಳಗೆ ಹೋಗಬೇಡಿ. ವೆಲ್ಡಿಂಗ್, ಗ್ರೈಂಡಿಂಗ್, ಲೇತ್ ಕೆಲಸ ಮಾಡಿದವರು, ಎಂದಾದರೂ ಕಣ್ಣಿಗೆ ಕಬ್ಬಿಣದ ಕಿಡಿ ಬಿದ್ದಿದ್ದರೆ, ಅದು ಇಪ್ಪತ್ತು ವರ್ಷ ಹಿಂದಿನದಾದರೂ ಹೇಳಬೇಕು. ಒಳಗೆ ಉಳಿದ ಚೂರನ್ನು ಅಯಸ್ಕಾಂತ ಅಲುಗಿಸಿದರೆ ದೃಷ್ಟಿಯೇ ಹೋಗಬಹುದು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆದು ನೋಡುತ್ತಾರೆ.

ಹೃದಯದ ಸ್ಟೆಂಟ್‌ಗೆ ಹೆದರಬೇಕಾಗಿಲ್ಲ. ಈಗ ಬಳಕೆಯಲ್ಲಿರುವ ಸ್ಟೆಂಟ್‌ಗಳು 3 ಟೆಸ್ಲಾವರೆಗಿನ ಯಂತ್ರಕ್ಕೆ ಒಗ್ಗುತ್ತವೆ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ, ನಮ್ಮಲ್ಲಿ ಹೆಚ್ಚಾಗಿ 1.5 ಅಥವಾ 3). ಕಾಲಿನ ಸ್ಟೆಂಟ್‌ನಿಂದಲೂ ಅಪಾಯವಿಲ್ಲ, ಆದರೆ ಅದು ಚಿತ್ರವನ್ನು ಕೆಡಿಸುತ್ತದೆ. ಸ್ಟೆಂಟಿನ ಜಾಲರಿ ತನ್ನೊಳಗಿನ ರಕ್ತದ ಸಂಕೇತವನ್ನು ನುಂಗಿಬಿಡುತ್ತದೆ. ಚೆನ್ನಾಗಿ ತೆರೆದಿರುವ ಸ್ಟೆಂಟ್ ಕೂಡ ಚಿತ್ರದಲ್ಲಿ ನಾಳ ಕತ್ತರಿಸಿದಂತೆ ಕಪ್ಪಗೆ ಕಾಣುತ್ತದೆ. ವರದಿ ಬರೆಯುವವರಿಗೆ ಸ್ಟೆಂಟ್ ಇರುವ ವಿಷಯ ಗೊತ್ತಿರದಿದ್ದರೆ "ಪೂರ್ತಿ ಬ್ಲಾಕ್" ಎಂದು ಬರೆದುಬಿಡಬಹುದು. ಬದಲಿ ಮಂಡಿಯ ಕತೆಯೂ ಇದೇ: ಮಂಡಿಯ ಹಿಂದಿನ ನಾಳ ಆ ಲೋಹದ ನೆರಳಿನಲ್ಲಿ ಮಾಯವಾಗುತ್ತದೆ. ಯಾವ ಕಾಲು, ಯಾವ ಜಾಗ, ಯಾವ ವರ್ಷ ಎಂದು ಬರೆದುಕೊಡಿ. ಸ್ಟೆಂಟ್ ಒಳಗಿನ ಸ್ಥಿತಿಯನ್ನೇ ನೋಡಬೇಕಿದ್ದರೆ ಡಾಪ್ಲರ್ ಅಥವಾ ಸಿ.ಟಿ. ಸೂಕ್ತ.

4. ಮೈಮೇಲೆ ಇರುವುದನ್ನು ಮನೆಯಲ್ಲೇ ತೆಗೆಯಿರಿ

ನಮ್ಮ ಕಡೆ ಹೆಚ್ಚು ಹೊತ್ತು ಹಿಡಿಯುವುದು ಈ ಹಂತವೇ. ಚಿತ್ರ ತೆಗೆಯುವುದೇ ಸೊಂಟದಿಂದ ಪಾದದವರೆಗೆ, ನಮ್ಮವರು ಬೆಳ್ಳಿ ಧರಿಸುವುದೂ ಅಲ್ಲೇ: ಉಡಿದಾರ, ಕಾಲ್ಗೆಜ್ಜೆ, ಕಾಲುಂಗುರ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ರೇಡಿಯೋ ತರಂಗ ಲೋಹದ ಬಳೆಯಾಕಾರದಲ್ಲಿ ವಿದ್ಯುತ್ ಹುಟ್ಟಿಸಿ ಬಿಸಿ ಮಾಡಬಲ್ಲದು, ಮತ್ತು ಆ ಜಾಗದ ಚಿತ್ರದಲ್ಲಿ ಕಪ್ಪು ಮಚ್ಚೆ ಬೀಳುತ್ತದೆ.

ವರ್ಷಗಟ್ಟಲೆ ತೆಗೆಯದ ಕಾಲುಂಗುರ ಬೆರಳಲ್ಲಿ ಹೂತುಕೊಂಡಿರುತ್ತದೆ. ಹಿಂದಿನ ರಾತ್ರಿ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಊತ ಇಳಿಸಿ, ಸೋಪು ನೀರು ಅಥವಾ ಕೊಬ್ಬರಿ ಎಣ್ಣೆ ಸವರಿ, ಉಂಗುರವನ್ನು ತಿರುಗಿಸುತ್ತಾ ಮೆಲ್ಲಗೆ ಜಾರಿಸಿ. ಸಕ್ಕರೆ ಕಾಯಿಲೆ ಅಥವಾ ರಕ್ತ ಸಂಚಾರದ ತೊಂದರೆ ಇರುವ ಕಾಲಿನ ಮೇಲೆ ಬಲಪ್ರಯೋಗ ಬೇಡವೇ ಬೇಡ. ಚರ್ಮ ತರಚಿದರೆ ಆ ಗಾಯವೇ ಮಾಯದ ಹುಣ್ಣಾಗಬಹುದು. ಬಾರದಿದ್ದರೆ ಅಕ್ಕಸಾಲಿಗರಲ್ಲಿ ಕತ್ತರಿಸಿಸಿ, ಮತ್ತೆ ಬೆಸೆಸಿಕೊಳ್ಳಬಹುದು. ತಾಳಿ, ಮೂಗುತಿ, ತಾಯಿತ, ಸೊಂಟದ ಬೆಲ್ಟು, ಮಂಡಿಪಟ್ಟಿ, ಜೈಪುರ ಕಾಲು ಎಲ್ಲವೂ ಹೊರಗೇ ಉಳಿಯಬೇಕು. ಜರಿ ಸೀರೆ, ಜರಿ ಪಂಚೆ ಬೇಡ, ಜರಿಯಲ್ಲಿ ಲೋಹದ ಎಳೆ ಇರುತ್ತದೆ. ಅವರು ಕೊಡುವ ಹತ್ತಿ ಬಟ್ಟೆಯನ್ನೇ ಹಾಕಿಕೊಳ್ಳಿ. ನೋವಿನ ಪಟ್ಟಿ, ತೋಳಿಗೆ ಅಂಟಿಸಿದ ಸಕ್ಕರೆ ಸೆನ್ಸಾರ್, ಇನ್ಸುಲಿನ್ ಪಂಪ್, ಹುಣ್ಣಿಗೆ ಹಾಕಿದ ಬೆಳ್ಳಿ ಅಂಶದ ಬ್ಯಾಂಡೇಜ್ ಇದ್ದರೆ ಮುಂಚಿತವಾಗಿ ತಿಳಿಸಿ. ಜೊತೆಗೆ ಬಂದವರು ಊರುಗೋಲು, ಗಾಲಿಕುರ್ಚಿ, ಮೊಬೈಲ್ ಹಿಡಿದು ಆ ಬಾಗಿಲು ದಾಟಬಾರದು. ಯಂತ್ರ ಸುಮ್ಮನಿದ್ದಾಗಲೂ ಅಯಸ್ಕಾಂತ ಸುಮ್ಮನಿರುವುದಿಲ್ಲ.

5. ಆ ದಿನ ಬೆಳಗ್ಗೆ

ಇಂಜೆಕ್ಷನ್ ಇರುವುದರಿಂದ ಬಹಳ ಕಡೆ ನಾಲ್ಕು ಗಂಟೆ ಊಟ ಬಿಡಿ ಎನ್ನುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗಿನ ಮೊದಲ ಸಮಯ ಕೇಳಿ ಪಡೆಯಿರಿ. ಸೂಜಿ ಚುಚ್ಚಿಕೊಂಡು ಉಪವಾಸ ಕೂತರೆ ಸಕ್ಕರೆ ಕುಸಿದು ಕಷ್ಟವಾಗುತ್ತದೆ, ಡೋಸ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ಬಿಪಿ ಮಾತ್ರೆ ಎಂದಿನಂತೆ ನುಂಗಿ.

ಮಲಗಿದರೆ ಕಾಲು ಉರಿದು, ಮಂಚದಿಂದ ಕೆಳಗೆ ಇಳಿಬಿಟ್ಟರಷ್ಟೇ ಸಮಾಧಾನ ಸಿಗುವವರಿಗೆ ಮುಖ್ಯ ಸಮಸ್ಯೆ ನೋವು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕಾಲು ಅಲುಗಿಸದೆ ಚಾಚಿ ಮಲಗಬೇಕು. ವೈದ್ಯರನ್ನು ಕೇಳಿ ನೋವಿನ ಮಾತ್ರೆಯನ್ನು ಒಂದು ಗಂಟೆ ಮೊದಲು ತೆಗೆದುಕೊಳ್ಳಿ. ಇದನ್ನು ಮರೆತವರ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಒಳಗೆ ಹೋಗುವ ಮುನ್ನ ಮೂತ್ರಕ್ಕೆ ಹೋಗಿ ಬನ್ನಿ.

6. ಯಂತ್ರದ ಮೇಲೆ

ಕಾಲು ಮುಂದಾಗಿ ಒಳಗೆ ಹೋಗುತ್ತೀರಿ. ಇಕ್ಕಟ್ಟಿನ ಭಯವಿರುವವರಿಗೆ ಇದೇ ದೊಡ್ಡ ಸಮಾಧಾನ: ಪರೀಕ್ಷೆಯ ಬಹುಭಾಗ ತಲೆ ಹೊರಗೆ ಅಥವಾ ಯಂತ್ರದ ಬಾಯಿಯ ಹತ್ತಿರವೇ ಇರುತ್ತದೆ. ಶಬ್ದ ಜೋರು, ಕಿವಿಗೆ ಮುಚ್ಚಳ ಕೊಡದಿದ್ದರೆ ಕೇಳಿ ಪಡೆಯಿರಿ. ಕೈಗೆ ಒಂದು ರಬ್ಬರ್ ಬುರುಡೆ ಕೊಡುತ್ತಾರೆ, ಒತ್ತಿದರೆ ಸಿಬ್ಬಂದಿಗೆ ಗಂಟೆ ಕೇಳುತ್ತದೆ.

ಕಾಲು ಜೋಡಿಸುವಾಗ ಎರಡು ವಿಷಯ ಗಮನಿಸಿ. ತೊಡೆಗೆ ತೊಡೆ, ಮೀನಖಂಡಕ್ಕೆ ಮೀನಖಂಡ ಬರಿಮೈಯಲ್ಲಿ ತಾಗಬಾರದು. ಹಾಗೆ ತಾಗಿದರೆ ಮೈಯಲ್ಲೇ ವಿದ್ಯುತ್ತಿನ ಸುತ್ತು ಏರ್ಪಟ್ಟು ಆ ಜಾಗ ಸುಡಬಹುದು. ನಡುವೆ ಬಟ್ಟೆ ಅಥವಾ ಸ್ಪಂಜು ಇಡಿಸಿಕೊಳ್ಳಿ. ಎಲ್ಲಿಯಾದರೂ ಬಿಸಿ ಎನಿಸಿದರೆ ಸಹಿಸಿಕೊಂಡು ಮಲಗಬೇಡಿ, ಬುರುಡೆ ಒತ್ತಿ. ಎರಡನೆಯದು, ಮೀನಖಂಡ ಮೇಜಿಗೆ ಒತ್ತಿಕೊಳ್ಳದಂತೆ ಹಿಮ್ಮಡಿಯ ಕೆಳಗೆ ದಿಂಬು ಇರಬೇಕು, ಪಾದ ನೃತ್ಯಗಾರ್ತಿಯಂತೆ ಮುಂದಕ್ಕೆ ಚಾಚಿರಬಾರದು. ಪಾದ ಹಾಗೆ ಚಾಚಿದಾಗ ಪಾದದ ಮೇಲ್ಭಾಗದ ನಾಳ ಸೆಟೆದು, ಇಲ್ಲದ ಬ್ಲಾಕ್ ಚಿತ್ರದಲ್ಲಿ ಮೂಡುತ್ತದೆ.

ಮೊದಲು ಇಂಜೆಕ್ಷನ್ ಇಲ್ಲದೆ ಹೊಟ್ಟೆ, ತೊಡೆ, ಮೀನಖಂಡ ಎಂದು ಮೂರು ನಿಲ್ದಾಣಗಳಲ್ಲಿ ಚಿತ್ರ ತೆಗೆಯುತ್ತಾರೆ. ಆಮೇಲೆ ತೋಳಿನ ಸೂಜಿಯ ಮೂಲಕ ಔಷಧ ಹೋಗುತ್ತದೆ. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 0.1 ಮಿಲಿಮೋಲ್: 60 ಕಿಲೋ ತೂಗುವವರಿಗೆ ಗ್ಯಾಡೊಟೆರೇಟ್ ಆದರೆ 12 ಮಿ.ಲೀ., ಎರಡರಷ್ಟು ಗಾಢವಾದ ಗ್ಯಾಡೊಬ್ಯುಟ್ರಾಲ್ ಆದರೆ 6 ಮಿ.ಲೀ. ಹಿಂದೆಯೇ ಉಪ್ಪುನೀರು ತಳ್ಳುತ್ತಾರೆ. ತೋಳು ತಣ್ಣಗಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ಅನಿಸಬಹುದು. ತುರಿಕೆ, ಉಸಿರು ಕಟ್ಟುವಿಕೆ ಇದ್ದರೆ ಕೂಡಲೇ ಗಂಟೆ ಒತ್ತಿ.

ಇನ್ನು ಓಟ ಶುರು. ಔಷಧ ಬೆರೆತ ರಕ್ತ ಕೆಳಗಿಳಿದಂತೆ ಮೇಜು ಅದರ ಬೆನ್ನು ಹತ್ತಿ ಜರುಗುತ್ತದೆ: ಹೊಟ್ಟೆ, ತೊಡೆ, ಮೀನಖಂಡ. ಹೊಟ್ಟೆಯ ನಿಲ್ದಾಣದಲ್ಲಿ ಸುಮಾರು 15ರಿಂದ 20 ಸೆಕೆಂಡ್ ಉಸಿರು ಹಿಡಿಯಲು ಹೇಳುತ್ತಾರೆ, ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳಿ. ಮೊದಲಿನ ಚಿತ್ರವನ್ನು ನಂತರದ ಚಿತ್ರದಿಂದ ಕಳೆದಾಗ ಮಾಂಸ, ಕೊಬ್ಬು ಅಳಿದು ನಾಳಗಳಷ್ಟೇ ಉಳಿಯುತ್ತವೆ. ಈ ಎರಡರ ನಡುವೆ ಕಾಲು ಒಂದಿಷ್ಟು ಸರಿದರೂ ಲೆಕ್ಕ ತಪ್ಪಿ ನಾಳದ ಅಂಚಿನಲ್ಲಿ ಕಪ್ಪು ಬಿಳುಪಿನ ಜೋಡಿ ಗೆರೆ ಏಳುತ್ತದೆ. ಮೇಜು ಜರುಗಿದಾಗ "ಮುಗಿಯಿತು" ಎಂದುಕೊಂಡು ಕಾಲು ಮಡಚುವುದು ಹಲವರು ಮಾಡುವ ತಪ್ಪು. ಆಗಿನ್ನೂ ಮೀನಖಂಡದ ಚಿತ್ರ ಬಾಕಿ ಇರುತ್ತದೆ.

ಮೀನಖಂಡದಲ್ಲಿ ಇನ್ನೊಂದು ತೊಡಕಿದೆ. ಮೇಜು ಅಲ್ಲಿಗೆ ತಲುಪುವಷ್ಟರಲ್ಲಿ ರಕ್ತ ಅಭಿಧಮನಿಗೂ ದಾಟಿಬಿಟ್ಟರೆ ಎರಡೂ ಬೆಳ್ಳಗಾಗಿ ಹೆಣೆದುಕೊಳ್ಳುತ್ತವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಪಾದದಲ್ಲಿ ಹುಣ್ಣು, ಕೀವು, ಸೋಂಕು ಇದ್ದಾಗ ರಕ್ತ ಬೇಗ ಮರಳುವುದರಿಂದ ಇದು ಹೆಚ್ಚು. ಆದ್ದರಿಂದ ಹುಣ್ಣಿರುವುದನ್ನು ಟೆಕ್ನೀಷಿಯನ್‌ಗೆ ನೀವೇ ಹೇಳಿ, ಬ್ಯಾಂಡೇಜ್ ಒಳಗಿರುವುದು ಅವರಿಗೆ ಕಾಣದು. ಗೊತ್ತಿದ್ದರೆ ಅವರು ಮೀನಖಂಡವನ್ನೇ ಮೊದಲು ಬೇರೆಯಾಗಿ ತೆಗೆಯುತ್ತಾರೆ, ಅಥವಾ ತೊಡೆಗೆ ಪಟ್ಟಿ ಸುತ್ತಿ 50ರಿಂದ 60 ಮಿ.ಮೀ. ಪಾದರಸದಷ್ಟು ಒತ್ತಡ ಕೊಟ್ಟು ಅಭಿಧಮನಿಯನ್ನು ತಡೆಹಿಡಿಯುತ್ತಾರೆ. ಕಾಲಿಗೆ ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಪಟ್ಟಿ ಕಟ್ಟುವ ಮುನ್ನ ನೆನಪಿಸಿ.

7. ರಿಪೋರ್ಟ್ ಕೈಗೆ ಬಂದಾಗ

ಮನೆಗೆ ಹೋಗಿ ಎಂದಿನಂತೆ ಉಣ್ಣಬಹುದು. ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ ಚೆನ್ನಾಗಿ ಕುಡಿಯಿರಿ.

ವರದಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಹೊಕ್ಕುಳ ಮಟ್ಟದಲ್ಲಿ ಮಹಾಪಧಮನಿ ಎರಡಾಗಿ ಕವಲೊಡೆದು ಇಲಿಯಾಕ್ ಆಗುತ್ತದೆ. ತೊಡೆಸಂದಿಯಲ್ಲಿ ಅದರ ಹೆಸರು ಕಾಮನ್ ಫೆಮೊರಲ್, ತೊಡೆಯಲ್ಲಿ ಸೂಪರ್‌ಫಿಶಿಯಲ್ ಫೆಮೊರಲ್, ಮಂಡಿಯ ಹಿಂದೆ ಪಾಪ್ಲಿಟಿಯಲ್. ಮಂಡಿಯ ಕೆಳಗೆ ಮೂರು: ಆಂಟೀರಿಯರ್ ಟಿಬಿಯಲ್, ಪೋಸ್ಟೀರಿಯರ್ ಟಿಬಿಯಲ್, ಪೆರೋನಿಯಲ್. ಸ್ಟಿನೋಸಿಸ್ ಎಂದರೆ ಕಿರಿದಾಗಿದೆ, ಶೇ. 50ಕ್ಕಿಂತ ಹೆಚ್ಚಿದ್ದರೆ ಗಣನೀಯ. ಆಕ್ಲೂಷನ್ ಎಂದರೆ ಪೂರ್ತಿ ಮುಚ್ಚಿದೆ. ಕೊಲ್ಯಾಟರಲ್ ಎಂದರೆ ಮುಚ್ಚಿದ ದಾರಿಯನ್ನು ಬಳಸಿಕೊಂಡು ದೇಹವೇ ಮಾಡಿಕೊಂಡ ಅಡ್ಡದಾರಿಗಳು. ರನ್ಆಫ್ ಎಂದರೆ ಮಂಡಿಯ ಕೆಳಗಿನ ಆ ಮೂರರಲ್ಲಿ ಎಷ್ಟು ನಾಳ ಪಾದ ಮುಟ್ಟುತ್ತಿವೆ ಎಂಬ ಲೆಕ್ಕ. ಬೈಪಾಸ್ ಯೋಚಿಸುವವರು ಮೊದಲು ಹುಡುಕುವ ಸಾಲು ಇದೇ. ಬೀಡಿ, ಸಿಗರೇಟು ಸೇದುವ ಕಿರಿಯರಲ್ಲಿ ತೊಡೆಯ ನಾಳ ನುಣುಪಾಗಿದ್ದು ಮಂಡಿಯ ಕೆಳಗೆ ಮಾತ್ರ ತುಂಡು ತುಂಡಾಗಿ, ಸುತ್ತ ಸುರುಳಿ ಸುರುಳಿ ಅಡ್ಡದಾರಿಗಳು ಕಂಡರೆ ಬರ್ಜರ್ ಕಾಯಿಲೆಯ ಅನುಮಾನ ಬಲವಾಗುತ್ತದೆ. ಅದಕ್ಕೆ ತಂಬಾಕು ಪೂರ್ತಿ ಬಿಡುವುದೇ ಮುಖ್ಯ ಚಿಕಿತ್ಸೆ.

ಫಿಲ್ಮಿನ ಮೇಲೆ ಮರದ ಬೇರಿನಂತೆ ಕಾಣುವ ಚಿತ್ರವನ್ನು ಎಂಐಪಿ ಎನ್ನುತ್ತಾರೆ. ನೂರಾರು ತೆಳು ಚಿತ್ರಗಳಿಂದ ಹೆಚ್ಚು ಹೊಳೆಯುವ ಚುಕ್ಕಿಗಳನ್ನಷ್ಟೇ ಆಯ್ದು ಮಾಡಿದ ನೆರಳು ಅದು. ನೋಡಲು ಚೆಂದ, ಆದರೆ ಕಿರಿದಾದದ್ದನ್ನು ಇನ್ನಷ್ಟು ಕಿರಿದಾಗಿ ತೋರಿಸುವ ಗುಣ ಅದಕ್ಕಿದೆ. ಆ ಒಂದು ಫಿಲ್ಮ್ ನೋಡಿ "ಶೇ. 90 ಬ್ಲಾಕ್" ಎಂದು ಗಾಬರಿಯಾಗಬೇಡಿ. ತೀರ್ಮಾನ ಆಗಬೇಕಾದ್ದು ಮೂಲ ತೆಳು ಚಿತ್ರಗಳಿಂದ, ಡಾಪ್ಲರ್ ಮತ್ತು ಎಬಿಐ ಜೊತೆ ತಾಳೆ ನೋಡಿ. ಅಲ್ಲದೆ ಎಂಆರ್‌ನಲ್ಲಿ ಕ್ಯಾಲ್ಸಿಯಂ ಕಾಣುವುದಿಲ್ಲ ಎಂದೆನಲ್ಲ, ಶಸ್ತ್ರಚಿಕಿತ್ಸಕರಿಗೆ ಅದೇ ಕೊರತೆ. ಹೊಲಿಗೆ ಹಾಕುವ ಜಾಗ ಗಟ್ಟಿಯಿದೆಯೋ ಮೆತ್ತಗಿದೆಯೋ ತಿಳಿಯಲು ಅವರು ಎಕ್ಸ್‌ರೇ ಅಥವಾ ಡೈ ಇಲ್ಲದ ಸಿ.ಟಿ. ಕೇಳಿದರೆ ಅದು ಅನಗತ್ಯ ಖರ್ಚಲ್ಲ.

ಆದ್ದರಿಂದ ಸೆಂಟರಿನಿಂದ ಹೊರಡುವ ಮುನ್ನ ಫಿಲ್ಮ್ ಜೊತೆಗೆ ಎಲ್ಲ ಚಿತ್ರಗಳೂ ಇರುವ ಸಿ.ಡಿ. ಅಥವಾ ಡೌನ್‌ಲೋಡ್ ಲಿಂಕ್ ಕೇಳಿ ಪಡೆಯಿರಿ, "ಡೈಕಾಮ್ ಚಿತ್ರ ಬೇಕು" ಎಂದರೆ ಅವರಿಗೆ ಅರ್ಥವಾಗುತ್ತದೆ. ಶಸ್ತ್ರಚಿಕಿತ್ಸಕರ ಮುಂದೆ ಕೂರುವಾಗ ಆ ಸಿ.ಡಿ., ಎಬಿಐ ಸಂಖ್ಯೆ, ಮತ್ತು ಸಮತಟ್ಟು ರಸ್ತೆಯಲ್ಲಿ ಎಷ್ಟು ದೂರ ನಡೆದರೆ ಕಾಲು ಹಿಡಿಯುತ್ತದೆ ಎಂದು ಬರೆದ ಚೀಟಿ, ಈ ಮೂರೂ ಕೈಯಲ್ಲಿರಲಿ.